ದುಬೈಗೆ ಎರಡೂವರೆ ಗಂಟೆ ಅಲ್ಲ! ವಿಮಾನದ ದೂರ, ಸಮಯ ಲೆಕ್ಕ ಹಾಕುವುದು ಹೇಗೆ?

ನಮ್ಮ ದೊಡ್ಡಮ್ಮ ಮಗನನ್ನು ನೋಡಲು ದುಬೈಗೆ ಹೊರಟಿದ್ದರು. ಬೆಂಗಳೂರು ಬಿಡುವುದು ಬೆಳಿಗ್ಗೆ 10ಕ್ಕೆ, ತಲುಪುವುದು 12.30ಕ್ಕೆ ಅಂತ ಟಿಕೆಟ್‌ನಲ್ಲಿತ್ತು. ‘ಎರಡೂವರೆ ಗಂಟೆ ತಾನೇ, ಮೈಸೂರಿಗೆ ಹೋದ ಹಾಗೆ’ ಎಂದು ಚಪಾತಿ ಡಬ್ಬಿಯನ್ನು ಮನೆಯಲ್ಲೇ ಬಿಟ್ಟರು. ಪ್ರಯಾಣ ನಾಲ್ಕು ಗಂಟೆಯದ್ದು. ಹಸಿದುಕೊಂಡು ಇಳಿದರು.

ಮೊದಲು ದೂರ. ಗೋಡೆಯ ಭೂಪಟದ ಮೇಲೆ ಸ್ಕೇಲ್ ಇಡಲೇಬೇಡಿ, ಅದು ದಾರಿ ತಪ್ಪಿಸುತ್ತದೆ. ಗೂಗಲ್ ಅರ್ಥ್‌ನಲ್ಲಿ ಅಳತೆಪಟ್ಟಿ ಇದೆ, ಸಾಕು. ನನಗಂತೂ ಗ್ಲೋಬು, ದಾರವೇ ಇಷ್ಟ. 30 ಸೆಂ.ಮೀ. ಅಗಲದ ಗ್ಲೋಬ್ ಆದರೆ ಒಂದು ಸೆಂ.ಮೀ. ದಾರ ಅಂದರೆ ಸುಮಾರು 425 ಕಿ.ಮೀ. ಬೆಂಗಳೂರಿನಿಂದ ದುಬೈಗೆ ಆರು ಸೆಂ.ಮೀ. ಚಿಲ್ಲರೆ ಬರುತ್ತದೆ, ಅಂದರೆ 2,700 ಕಿ.ಮೀ. ಸ್ಯಾನ್ ಫ್ರಾನ್ಸಿಸ್ಕೊಗೆ ಬಿಗಿಯಾಗಿ ಎಳೆದು ನೋಡಿ. ದಾರ ಚೀನಾ, ಸೈಬೀರಿಯಾ ಮೇಲೆ ಹತ್ತಿ ಅಲಾಸ್ಕಾ ಕಡೆಯಿಂದ ಇಳಿಯುತ್ತದೆ! ಸುಮಾರು 14,000 ಕಿ.ಮೀ. ಅಗ್ಗದ ಗ್ಲೋಬ್‌ಗಳಲ್ಲಿ ಎರಡು ಅರ್ಧಗಳ ಗೆರೆ ಸರಿಯಾಗಿ ಕೂಡಿರುವುದಿಲ್ಲ, ಅಂಥದ್ದು ಬೇಡ.

ಆಮೇಲೆ ದೂರವನ್ನು 850ರಿಂದ ಭಾಗಿಸಿ (ವಿಮಾನ ಗಂಟೆಗೆ ಹೆಚ್ಚುಕಡಿಮೆ ಅಷ್ಟು ಕಿ.ಮೀ. ಹಾರುತ್ತದೆ), ಮೇಲೇರುವುದಕ್ಕೆ, ಇಳಿಯುವುದಕ್ಕೆ, ರನ್‌ವೇ ತನಕ ತೆವಳುವುದಕ್ಕೆ 40 ನಿಮಿಷ ಸೇರಿಸಿ. ದುಬೈಗೆ ಹತ್ತಿರಹತ್ತಿರ ನಾಲ್ಕು ಗಂಟೆ. ಅಷ್ಟೇ.

ಎಲ್ಲರೂ ಎಡವುವುದು ಗಡಿಯಾರದಲ್ಲಿ. ಟಿಕೆಟ್‌ನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದ್ದು, ತಲುಪುವ ಹೊತ್ತು ತಲುಪುವ ಊರಿನದ್ದು. ಸುಮ್ನೆ ಕಳೆಯಬೇಡಿ. ಎರಡನ್ನೂ ಭಾರತದ ಸಮಯಕ್ಕೆ ತಂದು ಆಮೇಲೆ ಕಳೆಯಿರಿ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿ 12.30 ಅಂದರೆ ಇಲ್ಲಿ ಮಧ್ಯಾಹ್ನ 2. ಹತ್ತರಿಂದ ಎರಡು, ನಾಲ್ಕು ಗಂಟೆ ಸರಿಹೋಯ್ತು ಅಲ್ವಾ?

ಅಮೆರಿಕದ್ದು ಇನ್ನೂ ಗೋಜಲು. ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟು, ಅದೇ ದಿನ ಸಂಜೆ 5ಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ಅಂತ ಇದೆ ಅನ್ನಿ. ಚಳಿಗಾಲದಲ್ಲಿ ಆ ಊರು ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಐದಕ್ಕೆ ಅದನ್ನು ಕೂಡಿಸಿ: ನಮ್ಮಲ್ಲಿ ಮರುದಿನ ಬೆಳಿಗ್ಗೆ 6.30. ಒಟ್ಟು ಹದಿನಾರೂವರೆ ಗಂಟೆ. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಅಲ್ಲಿ ಗಡಿಯಾರ ಒಂದು ಗಂಟೆ ಮುಂದೆ. ಆಗ ಹನ್ನೆರಡೂವರೆ ಮಾತ್ರ ಕೂಡಿಸಬೇಕು. ದುಬೈನಲ್ಲಿ ಈ ಗೋಳಿಲ್ಲ. ಫೋನ್‌ನಲ್ಲಿ ಆ ಊರಿನ ಗಡಿಯಾರ ಹಾಕಿಕೊಂಡರೆ ಆಯ್ತು ಅನ್ನುತ್ತಾರೆ. ಅದು ಇವತ್ತಿನ ವ್ಯತ್ಯಾಸ, ಮೂರು ತಿಂಗಳಾಚೆಯ ಪ್ರಯಾಣದ್ದಲ್ಲ.

ವಾಪಸ್ ಬರುವಾಗ ಅದೇ ಹೊತ್ತು ಹಿಡಿಯುತ್ತದೆ ಅಂದುಕೊಳ್ಳಬೇಡಿ. ಮೇಲೆ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಹಾಗಾಗಿ ದುಬೈನಿಂದ ಬರುವುದು ಸಾಮಾನ್ಯವಾಗಿ ಸ್ವಲ್ಪ ಬೇಗ. ಕರೆತರಲು ಹೋಗುವವರು ಮಾತ್ರ ಅವಸರ ಮಾಡಬೇಡಿ. ಇಮಿಗ್ರೇಷನ್, ಲಗೇಜ್ ಮುಗಿಸಿ ಹೊರಬರಲು ಮುಕ್ಕಾಲು ಗಂಟೆಯಾದರೂ ಬೇಕು. ಪಾರ್ಕಿಂಗ್ ದುಡ್ಡು ನಿಮ್ಮದೇ.