ಬೂಷ್ಟು ಹಿಡಿದ ಹಣ್ಣ ಕೊಯ್ದು ತಿನ್ನಬ್ಯಾಡ್ರಿ

ಮೊನ್ನಿ ನಮ್ಮ ಸಣ್ಣ ಸೊಸಿ ಪಪ್ಪಾಯಿ ಹೆಚ್ಚಲಿಕತ್ತಿದ್ಲು, ತೊಟ್ಟಿನ ಕಡಿ ಹತ್ತಿ ಅಂಟಿದಂಗ ಬೆಳ್ಳಗ ಬೂಷ್ಟು ಬಂದಿತ್ತು, ಅಷ್ಟ ಕೊಯ್ದು ಒಗದು ಉಳಿದಿದ್ದು ಮೊಮ್ಮಗನ ತಾಟಿಗಿ ಹಾಕಲಿಕ್ಕೆ ಹೊಂಟಿದ್ಲು. ಬ್ಯಾಡವ್ವ ಅಂತ ತಾಟ ಇಸ್ಕೊಂಡೆ. ಮೆತ್ತಗಿನ ಹಣ್ಣಿನ್ಯಾಗ ಮ್ಯಾಲ ಕಾಣೋದು ಸ್ವಲ್ಪ, ಅದರ ಎಳಿ ಒಳಗ ಎಲ್ಲಿತನ ಹೋಗ್ಯಾವ ಕಣ್ಣಿಗಿ ಕಾಣಂಗಿಲ್ಲ. ಕೆಲವು ಬೂಷ್ಟು ವಿಷಾನೂ ಬಿಡ್ತಾವ, ಅದು ಕುದಿಸಿದ್ರೂ ಪೂರ್ತಿ ಹೋಗಂಗಿಲ್ಲ, ಅದಕ್ಕ ಜಾಮ್ ಮಾಡಿದ್ರ ಆಯ್ತು, ಶಿರಾದಾಗ ಹಾಕಿದ್ರ ಆಯ್ತು ಅನ್ನಬ್ಯಾಡ್ರಿ.

ಮಾವಿನಹಣ್ಣಿನ ಕರಿ ಚುಕ್ಕಿದು ಬ್ಯಾರೆ ಕಥಿ. ಆ ರೋಗ ಗಿಡದಾಗ ಹೂ, ಮಿಡಿ ಇದ್ದಾಗ್ಲೇ ಸೇರ್ಕೊಂಡು ಸುಮ್ನ ಕುಂತಿರ್ತದ, ಹಣ್ಣಾಗುವಾಗ ಎದ್ದು ಬರ್ತದ. ಸಿಪ್ಪಿ ಮ್ಯಾಲ ನಾಕ ಚುಕ್ಕಿ ಅದಾವ, ಒಳಗ ತಿರುಳು ಗಟ್ಟಿ ಅದ, ವಾಸನಿ ಸರಿ ಅದ ಅಂದ್ರ ಸಿಪ್ಪಿ ದಪ್ಪಗ ತಗದು ತಿನ್ರಿ. ಒಳಗೂ ಕರ್ರಗಾಗಿ ನೀರ ಬಿಟ್ಟಿದ್ರ ಒಗಿರಿ.

ಕಾಯಿ ಹರಿಯುವಾಗ ತೊಟ್ಟು ಸ್ವಲ್ಪ ಬಿಟ್ಟು ಹರಿರಿ, ಜಜ್ಜಿದ್ದು ಬ್ಯಾರೆ ಇಡ್ರಿ. ಅಡಿ ಹಾಕೋ ಮೊದಲು, ಅಂದ್ರ ಹುಲ್ಲಿನ್ಯಾಗ ಹಣ್ಣಾಗಲಿಕ್ಕೆ ಇಡೋ ಮೊದಲು, 52 ಡಿಗ್ರಿ ಸೆಲ್ಸಿಯಸ್ ಬಿಸಿ ನೀರಾಗ 5 ರಿಂದ 10 ನಿಮಿಷ ಇಟ್ಟು ತಗದು ನೆಳ್ಳಾಗ ಒಣಗಿಸಿದ್ರ ಚುಕ್ಕಿ ಭಾಳ ಕಮ್ಮಿ ಆಗ್ತಾವ. ಅಂದಾಜಿಲೆ ಮಾಡಬ್ಯಾಡ್ರಿ, ನಾ ಒಮ್ಮಿ ಬರೇ ಕೈ ಅದ್ದಿ ನೋಡಿ ಹಾಕಿದ್ದೆ, ಒಂದ ಬುಟ್ಟಿ ಸಿಪ್ಪಿ ಬೆಂದು ಹೋದ್ವು. ಜ್ವರ ನೋಡೋ ಥರ್ಮಾಮೀಟರ್ ಅಷ್ಟ ಬಿಸಿಗಿ ನಡಿಯಂಗಿಲ್ಲ, ಅಡಿಗಿಮನ್ಯಾಗ ಬಳಸೋ ಥರ್ಮಾಮೀಟರ್ ತರ್ರಿ.

ಇನ್ನ ಅಡಿ. ನಮ್ಮ ಬೀದರದಾಗ ಬ್ಯಾಸಗಿ ಒಣ ಹವಾಕ್ಕ ಹುಲ್ಲು ಛಲೋನ, ಖರೆ ಜೂನ್ ಮಳಿ ಬಿದ್ದ ಮ್ಯಾಲ ಅದೇ ಹುಲ್ಲು ಥಂಡಿ ಹಿಡಿದು ಎರಡ ದಿನದಾಗ ಬುಟ್ಟಿ ತುಂಬ ಬೂಷ್ಟು. ಹೋದ ವರ್ಷದ ಹುಲ್ಲು ಮುಟ್ಟಬ್ಯಾಡ್ರಿ, ದಿನಾ ಸಂಜಿಗಿ ಕೈ ಹಾಕಿ ಒಂದೊಂದ ಹಣ್ಣ ನೋಡ್ರಿ, ಕೆಟ್ಟಿದ್ದು ಒಂದ ಇದ್ರ ಪಕ್ಕದ್ದಕ್ಕೂ ಹತ್ತತದ. ಬುಟ್ಟಿ ಸಬ್ಬಣ್ಣಿಲೆ ತೊಳದು ಬಿಸಲಿಗಿ ಇಡ್ರಿ.

ಒಣ ಅಂಜೂರ, ಶೇಂಗಾದಾಗ ಅಂತೂ ನೋಡಿನ ತಿನ್ರಿ. ಅದರಾಗ ಬರೋ ಅಫ್ಲಾಟಾಕ್ಸಿನ್ ಅನ್ನೋ ವಿಷ ಲಿವರ್ ಕೆಡಸ್ತದ. ಕಹಿ ಹತ್ತಿದ್ರ, ಒಳಗ ಹಸಿರ ಪುಡಿ ಕಂಡ್ರ ನುಂಗಬ್ಯಾಡ್ರಿ, ಉಗುಳ್ರಿ. ವೇಸ್ಟ್ ಯಾಕ ಅಂತ ಎಮ್ಮಿಗೂ ಹಾಕಬ್ಯಾಡ್ರಿ, ಅದು ತಿಂದ ವಿಷ ಹಾಲಿನ್ಯಾಗೂ ಬರ್ತದ, ಆ ಹಾಲು ಮತ್ತ ನಮ್ಮ ಹುಡುಗರೇ ಕುಡಿಯೋದು. ನಮ್ಮನ್ಯಾಗ ಇಂಥದ್ದೆಲ್ಲ ಹಿತ್ತಲದಾಗ ಮೊಳಕೈ ಆಳ ತಗ್ಗು ತಗದು ಮುಚ್ಚತೀವಿ.