ಮೋರಿ ಗುಂಡಿ ಕೇಸಿನಲ್ಲಿ ದುಡ್ಡು ಬಂದ ಬಗೆ

ಕಕ್ಷಿದಾರರ ಖಾತೆಗೆ ಹಣ ಜಮಾ ಆಗಿದೆ, ಹಾಗಾಗಿ ಈಗ ಧೈರ್ಯವಾಗಿ ಬರೆಯಬಹುದು. ರಸ್ತೆ ಅಗೆದು ಬಿಟ್ಟಿದ್ದರಿಂದ ಆದ ಕಾರು ಅಪಘಾತಕ್ಕೆ ಇಲಾಖೆ ಮತ್ತು ಗುತ್ತಿಗೆದಾರ ಇಬ್ಬರ ಮೇಲೂ ಸಿವಿಲ್ ದಾವೆ ಹಾಕಿದ್ದೆ. ಇದು ನಿಲ್ಲುತ್ತದೆ ಎಂದವರು ಶಿವಮೊಗ್ಗದ ವಕೀಲರಲ್ಲಿ ಯಾರೂ ಇರಲಿಲ್ಲ. "ಎಂತ ಮಾರಾಯ, ಎಂವಿಸಿ ಹಾಕೋದು ಬಿಟ್ಟು ಗುಂಡಿ ಮೇಲೆ ಓಎಸ್ ಹಾಕ್ತೀಯಲ್ಲ, ಕೋರ್ಟ್ ಫೀ ಯಾರಪ್ಪ ಕಟ್ತಾನೆ?" ಎಂದು ನನ್ನ ಸೀನಿಯರ್ರೇ ನಕ್ಕಿದ್ದರು. ಎಂವಿಸಿ ಎಂದರೆ ಮೋಟಾರು ಅಪಘಾತ ನ್ಯಾಯಮಂಡಳಿಗೆ ಹಾಕುವ ಪರಿಹಾರದ ಅರ್ಜಿ, ಓಎಸ್ ಎಂದರೆ ಮಾಮೂಲಿ ಸಿವಿಲ್ ದಾವೆ.

ಕೋವಿಡ್ ಕಳೆದ ಮೇಲಿನ ಮಳೆಗಾಲ, ಪುಷ್ಯ ಮಳೆ ಹಿಡಿದು ಹೊಡೆಯುತ್ತಿದ್ದ ದಿನಗಳು. ತಾಲ್ಲೂಕಿನ ಹೆಸರು ಬೇಡ. ಅಡಿಕೆ ವ್ಯಾಪಾರದ ಗಂಡ ಕಾರು ಓಡಿಸುತ್ತಿದ್ದರು, ಪಕ್ಕದಲ್ಲಿ ಹೆಂಡತಿ. ತಿರುವು ಮುಗಿದಲ್ಲೇ ಮೋರಿ ಕೆಲಸಕ್ಕೆಂದು ಅರ್ಧ ರಸ್ತೆ ಅಗೆದು ಬಿಟ್ಟಿದ್ದರು. ಗುರುತಿಗೆ ಇದ್ದದ್ದು ಒಂದು ಡಾಂಬರು ಡ್ರಮ್, ಅದೂ ಅಡ್ಡ ಬಿದ್ದಿತ್ತು. ಗಂಡನ ತೊಡೆಮೂಳೆಗೆ ರಾಡ್, ಹೆಂಡತಿಯ ಮಣಿಕಟ್ಟು ಮುರಿತ. ಪೊಲೀಸರು ಮಾಮೂಲಿನಂತೆ ಗಂಡನ ಮೇಲೆಯೇ ಅತಿವೇಗದ ಕೇಸು ಬರೆದು 'ಸೆಲ್ಫ್ ಆಕ್ಸಿಡೆಂಟ್' ಮಾಡಿ ಮುಗಿಸಿದರು. ವಿಮಾ ಕಂಪನಿ ಕಾರಿನ ರಿಪೇರಿ ಕೊಟ್ಟಿತು, ಸವಕಳಿ ಕಳೆದು. ಓನರ್-ಡ್ರೈವರ್ ಪಿಎ ಕವರ್ (ಓಡಿಸುವ ಮಾಲೀಕನ ವೈಯಕ್ತಿಕ ಅಪಘಾತ ವಿಮೆ) ಸಾವಿಗೆ, ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರ. ಮೂಳೆ ಕೂಡಿದರೆ ಸೊನ್ನೆ.

ಎಲ್ಲರೂ ಹೇಳಿದ ದಾರಿ ಒಂದೇ: ಕಾರಿನಲ್ಲಿದ್ದವರಿಗೂ ಅನ್ವಯಿಸುವ ಪ್ಯಾಕೇಜ್ ಪಾಲಿಸಿ ಇದೆ, ಹೆಂಡತಿ ಕೈಯಲ್ಲಿ ಗಂಡ ಮತ್ತು ವಿಮಾ ಕಂಪನಿ ಮೇಲೆ ಎಂವಿಸಿ ಹಾಕಿಸು. 2022ರ ಏಪ್ರಿಲ್‌ನಿಂದ ಅದಕ್ಕೆ ಆರು ತಿಂಗಳ ಗಡುವು ಬೇರೆ, ಬೇಗ ಮಾಡು ಅಂತ ಅವಸರ. ಸುಲಭದ ಕೆಲಸ, ನಿಜ. ಆದರೆ ಗಂಡ ಅಜಾಗರೂಕತೆಯಿಂದ ಓಡಿಸಿದರು ಎಂದು ಆಕೆ ಪ್ರಮಾಣ ಮಾಡಿ ಹೇಳಬೇಕು. ಹಾಗೆ ಹೇಳಿದ ದಿನವೇ ಗುತ್ತಿಗೆದಾರ ಬಚಾವ್, ಗಂಡನ ಕಾಲಿಗೆ ಕವಡೆಯೂ ಇಲ್ಲ. ಬೇಡ ಎಂದೆ. ಆಕೆಯೂ ಅದನ್ನೇ ಹೇಳಿದರು, ಕಾನೂನಿನ ಕಾರಣಕ್ಕಲ್ಲ ಅನ್ನಿ.

ಇದಕ್ಕೂ ಮುಂಚೆ ಗುಂಡಿ ಕೇಸುಗಳನ್ನು ಸೋತಿದ್ದೇನೆ. ಡಾಂಬರು ಕಿತ್ತು ಗುಂಡಿ ಬಿತ್ತು, ಬೈಕು ಬಿತ್ತು ಎಂಬಂಥವು. ಸರ್ಕಾರಿ ವಕೀಲರು ಪ್ರತಿ ಸಲವೂ ರಾಜ್‌ಕೋಟ್ ಮಹಾನಗರ ಪಾಲಿಕೆಯ 1997ರ ತೀರ್ಪು ತೆಗೆದಿಡುತ್ತಾರೆ: ರಸ್ತೆಬದಿಯ ಮರ ಬಿದ್ದು ಒಬ್ಬ ಸತ್ತ, ಪಾಲಿಕೆ ಹೊಣೆಯಲ್ಲ ಎಂದಿತು ಸುಪ್ರೀಂ ಕೋರ್ಟು. ನಾನು ದಿಲ್ಲಿ ಗಡಿಯಾರ ಗೋಪುರ ಕುಸಿದ 1966ರ ಸುಭಗವಂತಿ ಪ್ರಕರಣ ಓದಿ ತೋರಿಸಿದರೆ 'ಅದು ಕಟ್ಟಡ, ಇದು ರಸ್ತೆ' ಅನ್ನುತ್ತಾರೆ. 2019ರಲ್ಲಿ ನಮ್ಮ ಹೈಕೋರ್ಟು ಬೆಂಗಳೂರಿನ ಗುಂಡಿಗಳ ಪಿಐಎಲ್‌ನಲ್ಲಿ ಸುಸ್ಥಿತಿಯ ರಸ್ತೆ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿತು, ನೊಂದವರು ಪರಿಹಾರ ಕೇಳಬಹುದು ಎಂದಿತು. ಚೆಂದದ ತೀರ್ಪು. ಆದರೆ ಅದನ್ನೊಂದೇ ಹಿಡಿದು ಕೆಳಗಿನ ಕೋರ್ಟಿನಲ್ಲಿ ಡಿಕ್ರಿ ತೆಗೆಯುವುದು ಕಷ್ಟ. ತಾನಾಗಿ ಬಿದ್ದ ಗುಂಡಿಗೆ ಹೊಣೆ ಹೊರಿಸಲು ಹೆಣಗಬೇಕು. ಯಾರೋ ತೋಡಿ ಬಿಟ್ಟ ಗುಂಡಿಯಾದರೆ ಕೆಲಸ ಅರ್ಧ ಹಗುರ. ಈ ಕೇಸು ಎರಡನೇ ಜಾತಿಯದು ಎಂದು ಗೊತ್ತಾದದ್ದರಿಂದಲೇ ಕೈ ಹಾಕಿದ್ದು. ದಾವೆ ಪತ್ರದಲ್ಲಿ 'ಹದಗೆಟ್ಟ ರಸ್ತೆ' ಎಂಬ ಮಾತನ್ನೇ ಬಳಸಲಿಲ್ಲ. ಅಗೆದರು, ಅಡ್ಡಗಟ್ಟೆ ಹಾಕಲಿಲ್ಲ, ಹೊಳೆಯುವ ಫಲಕ ಇಡಲಿಲ್ಲ, ಅಷ್ಟೇ.

ಕಾಗದ ಕೂಡಿಸಲಿಕ್ಕೇ ವರ್ಷ ಹತ್ತಿರ ಹೋಯಿತು. ಹತ್ತು ರೂಪಾಯಿಯ ಆರ್‌ಟಿಐ ಅರ್ಜಿಗೆ ಮೊದಲು ಬಂದ ಉತ್ತರ 'ಸದರಿ ರಸ್ತೆ ನಮ್ಮ ವ್ಯಾಪ್ತಿಗೆ ಬರುವುದಿಲ್ಲ'. ವ್ಯಾಪ್ತಿಗೆ ಬಾರದಿದ್ದರೆ ಆರ್‌ಟಿಐ ಕಾಯ್ದೆಯ 6(3)ರಂತೆ ಐದು ದಿನದಲ್ಲಿ ಸಂಬಂಧಪಟ್ಟವರಿಗೆ ವರ್ಗಾಯಿಸಬೇಕು, ವರ್ಗಾಯಿಸಲಿಲ್ಲ. ಮೇಲ್ಮನವಿ ಹಾಕಿದ ಮೇಲೆ ಕರಾರು, ಎಸ್ಟಿಮೇಟು, ಎಂಬಿ (ಆದ ಕೆಲಸದ ಅಳತೆ ಬರೆದಿಡುವ) ಪುಸ್ತಕದ ನಕಲು ಬಂದವು. ಎಂಬಿ ನೋಡಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಮಾರ್ಚ್ ಕೊನೆಯಲ್ಲೇ ಮೋರಿ ಮುಗಿದಿದೆ, ಅಳತೆ ಆಗಿದೆ, ಬಿಲ್ಲೂ ಪಾಸಾಗಿದೆ! ಜುಲೈ ಕೊನೆಯಲ್ಲಿ ಕಾರು ಬಿದ್ದದ್ದು ಕಾಗದದ ಪ್ರಕಾರ ಮುಚ್ಚಿಹೋದ ಗುಂಡಿಗೆ.

ಅಷ್ಟರಲ್ಲಿ ಕಾಲಮಿತಿಯ ಚಿಂತೆ. ಮೂರು ವರ್ಷ ಇದೆ ಎಂದು ಆರಾಮಾಗಿ ಕೂರಬೇಡಿ. ಕಾನೂನಿನ ಪ್ರಕಾರ ಮಾಡಿದ ಅಥವಾ ಮಾಡದೆ ಬಿಟ್ಟ ಕೆಲಸ ಎಂದು ಲಿಮಿಟೇಶನ್ ಕಾಯ್ದೆಯ 72ನೇ ಅನುಚ್ಛೇದ ಎತ್ತಿ ಒಂದೇ ವರ್ಷ ಅನ್ನುತ್ತಾರೆ. ನಾನು ವರ್ಷದೊಳಗೇ, ಸರ್ಕಾರದ ಮೇಲೆ ದಾವೆ ಹೂಡುವ ಮುಂಚೆ ಕೊಡಬೇಕಾದ ಸಿಪಿಸಿ 80ನೇ ಕಲಂನ ಎರಡು ತಿಂಗಳ ನೋಟೀಸು ಕೊಟ್ಟು, ಆ ಎರಡು ತಿಂಗಳು ಲಿಮಿಟೇಶನ್ ಕಾಯ್ದೆಯ 15(2)ರಲ್ಲಿ ಲೆಕ್ಕದಿಂದ ಹೊರಗುಳಿಯುತ್ತದೆ ಎಂಬ ಬಲದ ಮೇಲೆ ದಾವೆ ಹೂಡಿದೆ. ಜಿಪಿ (ಸರ್ಕಾರಿ ವಕೀಲ) ಸಾಹೇಬರು 72 ಎತ್ತಿಯೇ ಎತ್ತಿದರು.

ಫೋಟೋಗಳು ಸಿಕ್ಕಿದ್ದು ಅದೃಷ್ಟ. ಕಕ್ಷಿದಾರರ ತಮ್ಮ ಮಾರನೇ ಬೆಳಿಗ್ಗೆಯೇ ಅಡಿಕೆ ಕೊಯ್ಲಿನ ದೋಟಿಗೆ (ಉದ್ದ ಕೋಲಿಗೆ) ಅಡಿ ಅಡಿಗೆ ಸುಣ್ಣದ ಗುರುತು ಹಾಕಿ, ಗುಂಡಿಗೆ ಇಳಿಬಿಟ್ಟು ತೆಗೆದಿದ್ದ. ಆಳ ಆರಡಿ ಸುಮಾರು. ಯಾವ ಎಂಜಿನಿಯರನ ನಕ್ಷೆಗಿಂತ ಆ ದೋಟಿ ಚೆನ್ನಾಗಿ ಸಾಕ್ಷಿ ಹೇಳಿತು. ಡಿಜಿಟಲ್ ಫೋಟೋ ಸಾಕ್ಷ್ಯವಾಗಲು ಬೇಕಾದ 65ಬಿ ಸರ್ಟಿಫಿಕೇಟು ಅವನಿಂದಲೇ ಕೊಡಿಸಿದೆ; ಹೊಸ ಕೇಸುಗಳಿಗೆ ಸಾಕ್ಷ್ಯ ಅಧಿನಿಯಮದ 63. ಬ್ರೇಕು ಸರಿಯಿತ್ತು ಎಂಬ ಐಎಂವಿ (ಮೋಟಾರು ವಾಹನ ನಿರೀಕ್ಷಕರ) ವರದಿಯೂ ಕೆಲಸಕ್ಕೆ ಬಂತು.

ಇಲಾಖೆಯ ಮುಖ್ಯ ವಾದ ಅತಿವೃಷ್ಟಿ, ದೈವಕೃತ. ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಿಂದ ಆ ಹೋಬಳಿಯ ಹಿಂದಿನ ವರ್ಷಗಳ ಜುಲೈ ಮಳೆ ತರಿಸಿ ಇಟ್ಟೆ. ಪ್ರತಿ ವರ್ಷವೂ ಅದೇ ಸುರಿತ. ಮಲೆನಾಡಿನಲ್ಲಿ ಪುಷ್ಯ ಮಳೆ ಬರುತ್ತದೆ ಎಂದು ಎಂಜಿನಿಯರಿಗೆ ಗೊತ್ತಿರಲಿಲ್ಲವೆಂದರೆ ನ್ಯಾಯಾಧೀಶರೂ ನಗದೆ ಇರುತ್ತಾರೆಯೇ?

ಇಲಾಖೆಯ ಜೆಇ, ಅಂದರೆ ಕಿರಿಯ ಎಂಜಿನಿಯರರ ಪಾಟಿ ಸವಾಲು ಈ ಕೇಸಿನ ಹೃದಯ. ಗುಂಡಿ ಇರಲಿಲ್ಲ ಎಂದರೆ ಪೊಲೀಸ್ ಮಹಜರು ಸುಳ್ಳಾಗಬೇಕು, ಇತ್ತು ಎಂದರೆ ಅವರದೇ ಎಂಬಿ ಸುಳ್ಳಾಗಬೇಕು. ಕೆಲಸದ ಜಾಗದಲ್ಲಿ ಇಡಬೇಕಾದ ಫಲಕಗಳ ಬಗ್ಗೆ ಐಆರ್‌ಸಿಯ (ಇಂಡಿಯನ್ ರೋಡ್ಸ್ ಕಾಂಗ್ರೆಸ್) ಎಸ್‌ಪಿ 55 ಎಂಬ ಮಾರ್ಗಸೂಚಿ ಓದಿದ್ದೀರಾ ಎಂದರೆ ಮೌನ. ಮಧ್ಯಾಹ್ನದ ಹೊತ್ತಿಗೆ ಇಲಾಖೆ ಗುತ್ತಿಗೆದಾರನತ್ತ, ಗುತ್ತಿಗೆದಾರ ಇಲಾಖೆಯತ್ತ ಬೆರಳು ತೋರಿಸುತ್ತಿದ್ದರು. ಪ್ರಶ್ನೆಗಳನ್ನು ಯಾವ ಕ್ರಮದಲ್ಲಿ ಕೇಳಿದೆ ಎಂಬುದನ್ನು ಬರೆಯುವುದಿಲ್ಲ, ಎದುರು ಪಕ್ಷದವರೂ ಓದುತ್ತಾರೆ. ಕರಾರಿನಲ್ಲಿರುವ ವಿಮೆಯ ಷರತ್ತನ್ನು ಓದಿ ನೋಡಿ ಎಂದಷ್ಟೇ ಹೇಳಬಲ್ಲೆ.

ಕೇಳಿದ್ದು ಏಳು ಲಕ್ಷ. ಕೋರ್ಟ್ ಫೀ ನಲವತ್ತೈದು ಸಾವಿರ ಚಿಲ್ಲರೆ, ಸ್ಥಳ ನೋಡಲು ಕೋರ್ಟ್ ಕಮಿಷನರ್ ಆಗಿ ಬಂದ ಎಂಜಿನಿಯರಿಗೆ ಹನ್ನೆರಡೋ ಹದಿಮೂರೋ ಸಾವಿರ, ನಕಲು ಓಡಾಟ ಬೇರೆ. ನನ್ನ ಫೀಸಿನ ಮಾತು ಇಲ್ಲಿ ಬೇಡ. ಡಿಕ್ರಿ ಆದದ್ದು ಸುಮಾರು ನಾಲ್ಕು ಮುಕ್ಕಾಲು ಲಕ್ಷಕ್ಕೆ, ಬಡ್ಡಿ ಸೇರಿಸದೆ. ಗಂಡನ ಪಾಲಿನಲ್ಲಿ ಇಪ್ಪತ್ತು ಪರ್ಸೆಂಟು ಸಹ-ನಿರ್ಲಕ್ಷ್ಯ ಎಂದು ಕಡಿದರು. ಹೆಂಡತಿಯದಕ್ಕೆ ಕತ್ತರಿ ಬೀಳಲಿಲ್ಲ. ಸುಪ್ರೀಂ ಕೋರ್ಟಿನ 2015ರ ಖೇನ್ಯೇಯಿ ತೀರ್ಪು ಇಟ್ಟಿದ್ದೆ, ಅದರಂತೆ ಆಕೆ ತಪ್ಪಿತಸ್ಥರಲ್ಲಿ ಯಾರೊಬ್ಬರಿಂದ ಬೇಕಾದರೂ ಪೂರ್ತಿ ವಸೂಲು ಮಾಡಬಹುದು.

ನಡುವೆ ಬೇರೆ ಪ್ರಯೋಗಗಳೂ ನಡೆದವು. 2019ರ ತಿದ್ದುಪಡಿಯಲ್ಲಿ ಬಂದ ಮೋಟಾರು ವಾಹನ ಕಾಯ್ದೆಯ 198ಎ (ರಸ್ತೆ ನಿರ್ಮಾಣ, ನಿರ್ವಹಣೆಯ ಲೋಪಕ್ಕೆ ದಂಡ) ಹಿಡಿದು, ಸಾವಿನ ಇನ್ನೊಂದು ಪ್ರಕರಣದಲ್ಲಿ ಖಾಸಗಿ ದೂರು ಕೊಟ್ಟಿದ್ದೇನೆ. ಅದಿನ್ನೂ ದೂರುದಾರರ ಪ್ರಮಾಣಿತ ಹೇಳಿಕೆಯ ಹಂತದಲ್ಲೇ ಇದೆ. ಗೆದ್ದರೂ ದಂಡ ಹೆಚ್ಚೆಂದರೆ ಒಂದು ಲಕ್ಷ, ಅದೂ ಮೋಟಾರು ವಾಹನ ಅಪಘಾತ ನಿಧಿಗೆ ಹೋಗುತ್ತದೆ, ಸತ್ತವರ ಮನೆಗಲ್ಲ. ಹೆದರಿಸಲು ಮಾತ್ರ ಉಪಯೋಗ. ರಸ್ತೆಗೆ ವಾಲಿದ ಅಕೇಶಿಯಾ ಮರವೊಂದಕ್ಕೆ ಹಳೆಯ ಸಿಆರ್‌ಪಿಸಿ 133ರಲ್ಲಿ (ಸಾರ್ವಜನಿಕ ಉಪದ್ರವ ತೆರವು) ತಹಶೀಲ್ದಾರರಿಗೆ ಅರ್ಜಿ ಹಾಕಿದ್ದು ಮಾತ್ರ ಫಲಿಸಿತು, ವಾರದೊಳಗೆ ಗರಗಸ ಬಂತು. ಈಗ ಅದು ಬಿಎನ್‌ಎಸ್‌ಎಸ್ 152. ಮುಂಬೈ ಹೈಕೋರ್ಟು 2025ರ ಅಕ್ಟೋಬರಿನಲ್ಲಿ ಗುಂಡಿಯಿಂದಾದ ಸಾವಿಗೆ ಆರು ಲಕ್ಷ, ಗಾಯಕ್ಕೆ ಐವತ್ತು ಸಾವಿರದಿಂದ ಎರಡೂವರೆ ಲಕ್ಷ ಎಂದು ನಿಗದಿ ಮಾಡಿದೆ. ನಮ್ಮಲ್ಲಿ ಅದು ಬರೀ ಓದಿ ಹೇಳಲು, ಆದರೂ ಜೇಬಿನಲ್ಲಿರಲಿ.

ಡಿಕ್ರಿ ಆದ ಮೇಲೆ ಗುತ್ತಿಗೆದಾರ ಅಪೀಲು ಹೋಗುತ್ತೇನೆ ಎಂದು ತಿಂಗಳುಗಟ್ಟಲೆ ಸತಾಯಿಸಿದ. ಡಿಕ್ರಿ ಜಾರಿಗೆ ಹಾಕಿದ ಅಮಲ್ಜಾರಿ ಅರ್ಜಿಯಲ್ಲಿ ಅವನ ಮನೆ, ಜಮೀನು ಜಪ್ತಿ ಎಂದು ಬರೆಯಲಿಲ್ಲ. ಬೇರೊಂದು ಕಾಮಗಾರಿಯಲ್ಲಿ ಅದೇ ಇಲಾಖೆಯಿಂದ ಅವನಿಗೆ ಬರಬೇಕಿದ್ದ ಬಿಲ್ಲನ್ನು ಜಪ್ತಿ ಮಾಡಲು ಕೇಳಿದೆ. ನೋಟೀಸು ಮುಟ್ಟಿದ ವಾರವೇ ಅವನ ವಕೀಲರ ಫೋನು. ಲೋಕ ಅದಾಲತ್‌ನಲ್ಲಿ ಬಡ್ಡಿ ಸ್ವಲ್ಪ ಬಿಟ್ಟು ಐದು ಲಕ್ಷಕ್ಕೆ ಮುಗಿಸಿದೆವು. ಪೂರ್ತಿ ಬಡ್ಡಿಗೆ ಹಟ ಹಿಡಿಯಬಹುದಿತ್ತು, ಆದರೆ ಕಕ್ಷಿದಾರರಿಗೆ ಹಣ ಅಡಿಕೆ ಕೊನೆಕೊಯ್ಲಿನೊಳಗೆ ಬೇಕಿತ್ತು.