ಮಘೆ ಮಳೆಯಲ್ಲಿ ಜಲಪಾತ: ಮೂರು ಸಲ ವಾಪಸ್ ಬಂದು ನಾಲ್ಕನೇ ಸಲ ಮುಟ್ಟಿದ್ದು

ಕಳೆದ ಆಗಸ್ಟ್ ಕೊನೆಯಲ್ಲಿ, ಬೆಳಗ್ಗೆ ಹನ್ನೊಂದರ ಹೊತ್ತಿಗೆ, ಆ ಜಲಪಾತದ ಬುಡದಲ್ಲಿ ನಿಂತಿದ್ದೆ. ಶಿವಮೊಗ್ಗ ಜಿಲ್ಲೆಯಲ್ಲಿ ಹುಲಿಕಲ್‌ಗೂ ಕೊಡಚಾದ್ರಿಗೂ ನಡುವಿನ ಕಾಡು ಅಂತ ಮಾತ್ರ ಹೇಳುತ್ತೇನೆ. ಹೆಸರು ಬರೆಯಲ್ಲ. ಬರೆದರೆ ಮುಂದಿನ ಮಳೆಗಾಲಕ್ಕೆ ಅಲ್ಲಿ ಬಾಟಲಿ, ಚಿಪ್ಸ್ ಪೊಟ್ಟಣ ಬಿದ್ದಿರುತ್ತವೆ. "ದೀಪಾವಳಿ ಕಳೆದ ಮೇಲೆ ಬನ್ನಿ, ಮಳೆಗಾಲದಲ್ಲಿ ಆಗೋ ಕೆಲಸ ಅಲ್ಲ" ಅಂತ ಊರಿನವರು ಹೇಳಿದ್ದರು. ನಮ್ಮ ಗುಂಪಿನವರದ್ದು ಇನ್ನೊಂದು ವಾದ, "ಜುಲೈಯಲ್ಲಿ ಹೋಗದಿದ್ದರೆ ನೀರು ಎಲ್ಲಿರುತ್ತೆ?" ಇಬ್ಬರ ಮಾತೂ ತಪ್ಪು ಅಂತ ತೋರಿಸೋಕೆ ನನಗೆ ಮೂರು ವರ್ಷ ಹಿಡಿಯಿತು.

ಮೊದಲ ಸಲ ಹೋಗಿದ್ದು ಪುನರ್ವಸು ಮಳೆಯಲ್ಲಿ, ಅಂದರೆ ಜುಲೈ ನಡುವಿನಲ್ಲಿ. ಐದು ಜನ, ರಾತ್ರಿ ಬಸ್ಸಲ್ಲಿ ಶಿವಮೊಗ್ಗ, ಅಲ್ಲಿಂದ ಜೀಪು. ಅರಣ್ಯ ಇಲಾಖೆಯವರ ಅನುಮತಿ ಅಲ್ಲೇ ಹೋಗಿ ಕೇಳೋಣ ಅಂದುಕೊಂಡಿದ್ದೆವು. ಮಳೆ ಜಾಸ್ತಿ ಇದೆ, ಬಿಡಲ್ಲ ಅಂದರು. ಸರಿ, ವಾಪಸ್. ಒಟ್ಟು ಒಂಬತ್ತು ಸಾವಿರ ಚಿಲ್ಲರೆ ಖರ್ಚು, ಕಂಡಿದ್ದು ಮಾಣಿ ಡ್ಯಾಮಿನ ಹಿನ್ನೀರು ಮಾತ್ರ.

ಮರುವರ್ಷ ಅನುಮತಿ ಕೈಯಲ್ಲಿ ಇಟ್ಟುಕೊಂಡೇ ಹೊರಟೆವು. ದಾರಿ ಗೊತ್ತಿರುವ ಸ್ಥಳೀಯರೊಬ್ಬರಿಗೆ ದಿನಕ್ಕೆ 1500. ಶಿವಮೊಗ್ಗ ಜಿಲ್ಲೆಗೆ ಹವಾಮಾನ ಇಲಾಖೆಯ ಹಳದಿ ಎಚ್ಚರಿಕೆ ಮಾತ್ರ ಇತ್ತು, ಧೈರ್ಯ ಬಂತು. ನಾನು ಎಡವಿದ್ದೇ ಅಲ್ಲಿ. ಶಿಕಾರಿಪುರವೂ ಅದೇ ಜಿಲ್ಲೆ, ಹುಲಿಕಲ್ ಇರುವ ಹೊಸನಗರವೂ ಅದೇ ಜಿಲ್ಲೆ, ಆದರೆ ಎರಡರ ಮಳೆಗೆ ಎಲ್ಲಿಂದೆಲ್ಲಿಯ ಹೋಲಿಕೆ? ಹುಲಿಕಲ್ ಕಡೆ ಒಂದೇ ದಿನ 200 ಮಿ.ಮೀ. ದಾಟೋದು ಹೊಸದೇನಲ್ಲ. ದಾರಿಯಲ್ಲಿ ದಾಟಬೇಕಾದ ಹಳ್ಳದ ಹತ್ತಿರ ಬಂದಾಗ ಸೊಂಟದ ಮೇಲೆ ನೀರು. ಎರಡು ಗಂಟೆ ಕಾದು ತಿರುಗಿದೆವು. ಅವತ್ತೇ ನನ್ನ 4200 ರೂಪಾಯಿಯ ಟ್ರೆಕ್ಕಿಂಗ್ ಶೂವಿನ ಅಟ್ಟೆ ಕಿತ್ತು ಬಂತು, ಉಳಿದ ದಾರಿ ಬಳ್ಳಿ ಕಟ್ಟಿಕೊಂಡು ನಡೆದೆ.

ಮೂರನೇ ಸಲದ್ದು ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ. ಅದೇ ವರ್ಷ ಆಗಸ್ಟ್ ಮೊದಲ ವಾರ. ಬೆಳಗ್ಗೆ ಹಳ್ಳ ಮೊಣಕಾಲಿಗಿಂತ ಕೆಳಗಿತ್ತು, ಸಲೀಸಾಗಿ ದಾಟಿದೆವು. ನಾವಿದ್ದ ಕಡೆ ತುಂತುರು ಅಷ್ಟೇ. ಮುಂದೆ ಒಂದು ಸಣ್ಣ ತೊರೆ ಸಿಕ್ಕಿತು, ಅದರ ನೀರು ನೋಡನೋಡುತ್ತಲೇ ಕಪ್ಪು ಚಹಾದ ಬಣ್ಣದಿಂದ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತು. ಆಮೇಲೆ ತರಗೆಲೆ, ಕಡ್ಡಿ. ನಮ್ಮ ಜೊತೆ ಬಂದವರು ಒಂದೇ ಮಾತು ಅಂದರು, "ಮೇಲೆ ಹೊಡೀತಾ ಇದೆ, ಓಡಿ." ಬೆಳಗ್ಗೆ ದಾಟಿದ ಹಳ್ಳಕ್ಕೆ ವಾಪಸ್ ಬರುವಷ್ಟರಲ್ಲಿ ನೀರು ತೊಡೆ ಮುಟ್ಟಿತ್ತು. ತಳದಲ್ಲಿ ಕಲ್ಲುಗಳು ಉರುಳಿ ಒಂದಕ್ಕೊಂದು ತಾಗುವ ಸದ್ದು, ಗುಡು ಗುಡು ಅಂತ, ಕಿವಿಗಿಂತ ಮೊದಲು ಕಾಲಿಗೆ ಕೇಳಿಸುತ್ತಿತ್ತು. ಉದ್ದದ ಅಡಿಕೆ ದಬ್ಬೆಯನ್ನು (ಸೀಳಿದ ಅಡಿಕೆ ಮರ) ಎಲ್ಲರೂ ಒಟ್ಟಿಗೆ ಹಿಡಿದು ಹೇಗೋ ಈಚೆ ಬಂದೆವು. 18 ಸಾವಿರದ ಫೋನ್ ಹೋಯಿತು. ಜೀವ ಉಳಿದದ್ದೇ ದೊಡ್ಡದು. ಆ ಸದ್ದು ಕೇಳಿಸಿದ ಮೇಲೆ ನೀರಿಗೆ ಇಳಿಯಲೇಬಾರದಿತ್ತು, ಎತ್ತರದಲ್ಲಿ ಕೂತು ಕಾಯಬೇಕಿತ್ತು. ಈಗ ಯಾರಿಗಾದರೂ ಅದನ್ನೇ ಹೇಳುತ್ತೇನೆ.

ಆ ರಾತ್ರಿ ಉಳಿದುಕೊಂಡ ಮನೆಯವರು ಅಡಿಕೆ ಬೆಳೆಗಾರರು. ಅವರ ಅಂಗಳದಲ್ಲಿ ಮಳೆಮಾಪಕ ಇತ್ತು, ಒಳಗೆ ಗೋಡೆಯ ಮೊಳೆಗೆ ನೋಟ್‌ಬುಕ್ ನೇತು ಹಾಕಿತ್ತು. ಹದಿನೈದು ಇಪ್ಪತ್ತು ವರ್ಷದ ದಿನದಿನದ ಮಳೆ. ನಾನು ಊಟ ಬಿಟ್ಟು ಅದನ್ನೇ ಓದುತ್ತಾ ಕೂತೆ. ಪುಷ್ಯ, ಆಶ್ಲೇಷ ಮಳೆಯಲ್ಲಿ, ಅಂದರೆ ಜುಲೈ ಕೊನೆಯಿಂದ ಆಗಸ್ಟ್ ನಡುವಿನವರೆಗೆ, ಸಾಲು ಸಾಲು ದೊಡ್ಡ ಅಂಕಿ. ಆಗಸ್ಟ್ ಕೊನೆಯ ಮಘೆಗೆ ಬಂದ ಮೇಲೆ ನಡುನಡುವೆ ನಾಲ್ಕೈದು ದಿನದ ಬಿಡುವು, ಹೆಚ್ಚುಕಡಿಮೆ ಎಲ್ಲ ವರ್ಷವೂ. ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು ಅಂತ ಗಾದೆ ಇದೆ ಅಲ್ವಾ, ಅದು ಗದ್ದೆಯವರ ಮಾತು. ನನಗೆ ಬೇಕಾಗಿದ್ದು ಆ ಬಿಡುವು.

ಹಳ್ಳ ಸಣ್ಣದು, ಇಳಿಜಾರು ಜಾಸ್ತಿ. ಏರಿದಷ್ಟೇ ಬೇಗ ಇಳಿಯುತ್ತದೆ. ಆದರೆ ಅಷ್ಟು ಹೊತ್ತಿಗೆ ಎರಡೂವರೆ ತಿಂಗಳು ಮಳೆ ಕುಡಿದ ಗುಡ್ಡ, ಶೋಲಾ ಕಾಡು, ಹುಲ್ಲುಗಾವಲು ಎಲ್ಲ ವಾರಗಟ್ಟಲೆ ನೀರು ಬಿಡುತ್ತಲೇ ಇರುತ್ತವೆ. ಅಂದರೆ ಹಳ್ಳ ದಾಟುವಷ್ಟು ಇಳಿದಿರುತ್ತದೆ, ಜಲಪಾತ ಮಾತ್ರ ತುಂಬಿಕೊಂಡೇ ಇರುತ್ತದೆ. ಇದನ್ನು ಹೇಳಿದಾಗ ಗುಂಪಿನಲ್ಲಿ ಒಬ್ಬರೂ ನಂಬಲಿಲ್ಲ.

ಲೆಕ್ಕ ಇಷ್ಟೇ. ಆ ನೋಟ್‌ಬುಕ್ಕಿನ ಕೊನೆಯ ಮೂರು ದಿನದ ಮಳೆ ಕೂಡಿಸುತ್ತೇನೆ. 120 ಮಿ.ಮೀ. ಒಳಗಿರಬೇಕು, ಕೊನೆಯ ದಿನದ್ದು 30ರ ಒಳಗೆ. ಇದು ಈ ಹಳ್ಳಕ್ಕೆ ಮಾತ್ರ, ನಿಮ್ಮ ಹಳ್ಳಕ್ಕೆ ನೀವೇ ನೋಡಿಕೊಳ್ಳಬೇಕು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಪಂಚಾಯಿತಿ ಮಟ್ಟದ ಮಳೆ ಲೆಕ್ಕ ಕೊಡುತ್ತಾರೆ, ಅದನ್ನೂ ತಾಳೆ ನೋಡುತ್ತೇನೆ. ಒಂದು ಎಚ್ಚರ: ದಿನದ ಲೆಕ್ಕ ಅಂದರೆ ಬೆಳಗ್ಗೆ 8.30ರಿಂದ ಮರುದಿನ 8.30ರವರೆಗೆ. ನೀವು ಬೆಳಗ್ಗೆ ಆರಕ್ಕೆ ಹೊರಟರೆ ರಾತ್ರಿ ಹೊಯ್ದದ್ದು ಆ ಅಂಕಿಯಲ್ಲಿ ಸೇರಿರಲ್ಲ. ಹಾಗಾಗಿ ಹೊರಡುವ ಮೊದಲು ಅಂಗಳದ ಮಾಪಕಕ್ಕೆ ಟಾರ್ಚ್ ಬಿಟ್ಟು ನೋಡಲೇಬೇಕು.

ಇನ್ನೊಂದು, ಕೋಲು. ದಾಟುವ ಮೊದಲು ಹಳ್ಳದ ಅಂಚಲ್ಲಿ, ಸೆಳೆತ ಇಲ್ಲದ ಕಡೆ, ಕೋಲು ನೆಟ್ಟು ನೀರಿನ ಮಟ್ಟಕ್ಕೆ ಕತ್ತಿಯಿಂದ ಗುರುತು ಹಾಕುತ್ತೇನೆ. ಕಾಲು ಗಂಟೆ ಕೂರುತ್ತೇನೆ. ಒಂದು ಬೆರಳು ಏರಿದರೂ ಮನೆಗೆ. ದಾಟಿದ ಮೇಲೆ ಆಚೆ ದಡದಲ್ಲಿ ಇನ್ನೊಂದು ಕೋಲು ನೆಟ್ಟು ಒಬ್ಬರನ್ನು ಅಲ್ಲೇ ಕೂರಿಸುತ್ತೇನೆ, ಸೀಟಿ ಕೊಟ್ಟು. ಯಾರಿಗೂ ಇಷ್ಟದ ಕೆಲಸ ಅಲ್ಲ ಇದು, ಜಗಳವೂ ಆಗಿದೆ. ಸರದಿ ಹಾಕಿಕೊಂಡೆವು.

ಇಂಬಳದ (ಜಿಗಣೆ) ವಿಷಯಕ್ಕೆ ಬರುತ್ತೇನೆ, ಎಲ್ಲರೂ ಕೇಳೋದು ಅದನ್ನೇ. ಉಪ್ಪಿನ ಗಂಟು ಮಳೆಯಲ್ಲಿ ಅರ್ಧ ಗಂಟೆಗೆ ಕರಗಿ ಹೋಗುತ್ತದೆ. ಬೇವಿನೆಣ್ಣೆ ಒಂದು ಗಂಟೆ. ಹೊಗೆಸೊಪ್ಪು ನೆನೆಸಿದ ನೀರಲ್ಲಿ ಅದ್ದಿ ಒಣಗಿಸಿದ ಕಾಲುಚೀಲ ಮೂರು ಗಂಟೆ ತಡೆಯಿತು. ಅದಕ್ಕೆ ಮತ್ತೊಂದು ಸಾಮಾನು ಸೇರಿಸುತ್ತೇನೆ, ಅದು ಏನು ಅಂತ ಸದ್ಯಕ್ಕೆ ಹೇಳಲ್ಲ. ಶೂ ಈಗ 350 ರೂಪಾಯಿಯ ರಬ್ಬರ್‌ದು. ಪಾಚಿ ಕಲ್ಲು ಬಂದಾಗ ಅದರ ಮೇಲೆ ತೆಂಗಿನ ನಾರಿನ ಹಗ್ಗ ಎರಡು ಸುತ್ತು ಬಿಗಿದು ಕಟ್ಟುತ್ತೇನೆ. ಅಡಿಕೆ ಮರ ಹತ್ತುವವರು ಕಾಲಿಗೆ ಹಾಕಿಕೊಳ್ಳುವ ತಳೆ ನೋಡಿ ಹೊಳೆದದ್ದು. ದುಬಾರಿ ಶೂ ಹಾಕಿದವರು ಕೈಕಾಲು ಊರಿ ಹೋಗುವ ಬಂಡೆ ಮೇಲೆ ನಾನು ನೆಟ್ಟಗೆ ನಡೆದಿದ್ದೇನೆ. ತಲೆ ಮೇಲಿಂದ ಹೊದೆಯುವ ಕಂಬಳಿ ಕೊಪ್ಪೆಯನ್ನೂ ಒಂದು ದಿನ ಹಾಕಿ ನೋಡಿದೆ. ಬೆಚ್ಚಗಿರುತ್ತದೆ ನಿಜ, ಆದರೆ ನೆನೆದ ಮೇಲಿನ ಭಾರ ಏರಿನಲ್ಲಿ ಹೊರೋಕಾಗಲ್ಲ. ಗೊಬ್ಬರ ಚೀಲದ ಒಳಗಿನ ಪ್ಲಾಸ್ಟಿಕ್ ಕೊಪ್ಪೆಯೇ ವಾಸಿ, ದುಡ್ಡೂ ಇಲ್ಲ.

ನಾಲ್ಕನೇ ಸಲ ಮೂರು ಜನ, ತಲೆಗೆ ಸುಮಾರು 2600 ಖರ್ಚು, ಎರಡು ದಿನ ಆ ಮನೆಯಲ್ಲಿ ಕಾದಿದ್ದೂ ಸೇರಿ. ಮೂರನೇ ದಿನ ಬೆಳಗ್ಗೆ ಮಾಪಕದಲ್ಲಿ 14 ಮಿ.ಮೀ. ಇತ್ತು. ಹಳ್ಳ ಮೊಣಕಾಲಿಗೆ. ಮೇಲೆ ಹೋಗಿ ನೋಡಿದರೆ ಬಂಡೆಯ ಅಗಲಕ್ಕೂ ನೀರು, ಐವತ್ತು ಅಡಿ ದೂರದಲ್ಲೇ ಹನಿ ಬಡಿದು ಕಣ್ಣು ಬಿಡೋಕಾಗುತ್ತಿರಲಿಲ್ಲ. ಇಪ್ಪತ್ತು ನಿಮಿಷ ನಿಂತೆವು. ವಾಪಸ್ ಬಂದಾಗ ಕೋಲಿನ ಗುರುತಿಗಿಂತ ನೀರು ಅರ್ಧ ಬೆರಳು ಕೆಳಗಿತ್ತು.

ಮನೆಯವರು ಅವತ್ತಿನ ಅಂಕಿಯ ಪಕ್ಕ "ದಾಟಿದರು" ಅಂತ ಬರೆದುಕೊಂಡರು. ಈ ಸಲ ಮಘೆ ಆದಮೇಲಿನ ಹುಬ್ಬೆ ಮಳೆಗೆ ಪಕ್ಕದ ಕಣಿವೆ ನೋಡಬೇಕು. ಅಲ್ಲಿ ಎರಡು ಕವಲು ಬಂದು ಸೇರುತ್ತವೆ, ಕೋಲು ಎಲ್ಲಿ ನೆಡೋದು ಅಂತ ಇನ್ನೂ ಯೋಚನೆ ಮಾಡುತ್ತಿದ್ದೇನೆ.